ಥ್ರಿಲ್ಲರ್‌ಗಿಂತ ಕಾಮಿಡಿಯಲ್ಲೇ ಜಾಸ್ತಿ ಸಸ್ಪೆನ್ಸ್ ಇರುತ್ತೆ ಅಂತ ನನಗೊಬ್ಬನಿಗೇ ಅನ್ಸೋದಾ?

ಇಂಟರ್ವಲ್_ಪಕೋಡ

ನಾನು ಸಿನಿಮಾ ಪಂಡಿತ ಅಲ್ಲ. ಕ್ಯಾಮೆರಾ ಆ್ಯಂಗಲ್ಲು, ಕಲರ್ ಗ್ರೇಡಿಂಗು ಅಂತ ಮಾತು ಶುರುವಾದ್ರೆ ಮೆಲ್ಲಗೆ ಎದ್ದು ಹೋಗೋ ಪೈಕಿ. ಶನಿವಾರ ಬಿಡುವಾದ್ರೆ ಥಿಯೇಟರು, ಇಲ್ಲಾಂದ್ರೆ ತಟ್ಟೆ ಹಿಡ್ಕೊಂಡು ಟಿವಿ ಮುಂದೆ. ನೋಡೋದೂ ಎರಡೇ ಜಾತಿ, ಥ್ರಿಲ್ಲರ್ ಮತ್ತೆ ಕಾಮಿಡಿ. ಇದನ್ನ ವಿಮರ್ಶೆ ಅನ್ಕೋಬೇಡಿ, ಹರಟೆ ಅನ್ಕೊಳ್ಳಿ.

ನನ್ನ ವಾದ ಇಷ್ಟೇ: ಕನ್ನಡದ ಒಳ್ಳೇ ಕಾಮಿಡಿಗಳೆಲ್ಲ ಒಳಗಿಂದ ಥ್ರಿಲ್ಲರ್‌ಗಳೇ. ಅಷ್ಟೇ ಅಲ್ಲ, ಥ್ರಿಲ್ಲರ್ ಮಾಡಬೇಕಾದ ಕೆಲಸವನ್ನ ನಮ್ಮ ಥ್ರಿಲ್ಲರ್‌ಗಳಿಗಿಂತ ಚೆನ್ನಾಗಿ ಮಾಡ್ತವೆ.

'ಗೌರಿ ಗಣೇಶ' (1991) ತಗೊಳ್ಳಿ. ನಗು ತೆಗೆದುಹಾಕಿ ಬರೀ ಕಥೆ ಹೇಳಿ ನೋಡಿ. ಸತ್ತುಹೋದ ಹೆಂಗಸಿನ ಡೈರಿ ಒಬ್ಬ ಕಿಲಾಡಿ ಕೈಗೆ ಸಿಗುತ್ತೆ. ಅದರಲ್ಲಿರೋ ಮೂರು ಗಂಡಸರಿಗೂ 'ನಿಮ್ಮ ಮಗು ಇದೆ' ಅಂತ ಕಾಗದ ಬರೆದು ದುಡ್ಡು ಕೀಳ್ತಾನೆ. ಮೂರು ಜನಕ್ಕೂ ತಮ್ಮದೊಂದೇ ಗುಟ್ಟು ಅನ್ನೋ ಭ್ರಮೆ. ಇದು ಶುದ್ಧ ಬ್ಲ್ಯಾಕ್‌ಮೇಲ್ ಕಣ್ರೀ! ಇದೇ ಕಥೆಗೆ ಮಳೆ, ಕತ್ತಲು, ಪಿಟೀಲು ಸೇರಿಸಿದ್ರೆ 'ಸೈಕಲಾಜಿಕಲ್ ಥ್ರಿಲ್ಲರ್' ಅಂತ ಪೋಸ್ಟರ್ ಹಾಕಬಹುದಿತ್ತು. ಫಣಿ ರಾಮಚಂದ್ರ ಅದಕ್ಕೆ ಅನಂತ್ ನಾಗ್‌ನ ಹಾಕಿ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿದ್ರು.

ಅದಕ್ಕೂ ಹಿಂದಿನ ವರ್ಷದ 'ಗಣೇಶನ ಮದುವೆ' ಕೂಡ ಅಷ್ಟೇ. ವಠಾರದಲ್ಲಿ ದಿನ ಬೆಳಗಾದ್ರೆ ಕಿತ್ತಾಡೋ ಇಬ್ಬರು, ಕಾಗದದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸ್ತಿದ್ದಾರೆ. ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಯಾವಾಗ ಗೊತ್ತಾಗುತ್ತಪ್ಪಾ ಅಂತ ಸೀಟಿನ ತುದೀಲಿ ಕೂತ್ಕೊಳ್ಳೋದು ನಾವು.

ಈಗ ಬರೋ ಥ್ರಿಲ್ಲರ್‌ಗಳಲ್ಲಿ ಆಗೋದೇನು? ಎರಡು ಗಂಟೆ ನಮಗೆ ಏನನ್ನೂ ಹೇಳಲ್ಲ. ಹೀರೋ ಗೋಡೆಗೆ ಫೋಟೋ ಅಂಟಿಸಿ ಕೆಂಪು ದಾರ ಕಟ್ತಾನೆ. ಕೊನೇ ಇಪ್ಪತ್ತು ನಿಮಿಷದಲ್ಲಿ, ಅಲ್ಲೀವರೆಗೂ ಟೀ ತಂದುಕೊಡ್ತಿದ್ದ ಪಾತ್ರ ತಿರುಗಿ ನಿಂತು ನಗುತ್ತೆ, ಬಾಲ್ಯದ ಫ್ಲ್ಯಾಶ್‌ಬ್ಯಾಕ್ ಬರುತ್ತೆ. ಮುಂಚೆ ಒಂದು ಸುಳಿವೂ ಇರಲ್ಲ. ಇದು ಟ್ವಿಸ್ಟ್ ಅಲ್ಲ, ಮೋಸ.

ಎಲ್ಲ ಹಾಗಲ್ಲ, ಗೊತ್ತು. 'ಯು ಟರ್ನ್' (2016) ಮೊದಲರ್ಧ ಇವತ್ತಿಗೂ ನನ್ನ ಲೆಕ್ಕದಲ್ಲಿ ಹತ್ತಕ್ಕೆ ಹತ್ತು. ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸೋದು, ಅಲ್ಲೇ ಕೂತು ಅವರ ನಂಬರ್ ಬರೆದುಕೊಳ್ಳೋನು... ಎಷ್ಟು ಸಣ್ಣ ತಪ್ಪು, ಎಷ್ಟು ದೊಡ್ಡ ಭಯ. ಆಮೇಲೆ ದೆವ್ವ ಬಂತು, ನನ್ನ ಭಯ ಹೋಯ್ತು.

ಹೇಳಿ, ಬೈಯ್ರಿ.

ತುಳುನಾಡ್_ತಿರುಗಾಟ

ಎಂತ ಮಾರಾಯ್ರೆ, ಇಷ್ಟುದ್ದ ಬರ್ದು 'ಸು ಫ್ರಂ ಸೋ' ಹೆಸರೇ ಇಲ್ಲ! ನಿಮ್ಮ ವಾದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? 2025ರ ಜುಲೈಯಲ್ಲಿ ಬಂದದ್ದು. ಹುಡುಗ ಮಾಡಬಾರದ್ದು ಮಾಡ್ಲಿಕ್ಕೆ ಹೋಗಿ ಸಿಕ್ಕಿಬೀಳ್ತಾನೆ, ಮರ್ಯಾದೆ ಉಳಿಸ್ಲಿಕ್ಕೆ ಸತ್ತ ಹೆಂಗಸೊಬ್ಬಳು ಮೈಮೇಲೆ ಬಂದ ಹಾಗೆ ನಟಿಸ್ತಾನೆ. ಅಷ್ಟೇ ಕಥೆ. ಒಂದು ಸುಳ್ಳು, ಅದಕ್ಕೆ ಇಡೀ ಊರು ಸುಸ್ತು. ಅವನು ಸುಳ್ಳು ಹೇಳ್ತಾ ಇದ್ದಾನೆ ಅಂತ ನಮಗೆ ಗೊತ್ತುಂಟು, ಅದೇ ಊರಿನ ರವಿಯಣ್ಣನಿಗೆ ಗೊತ್ತಿಲ್ಲ.

ಇನ್ನೊಂದು. ಅದರಲ್ಲಿ ಯಾರೂ ಜೋಕ್ ಹೇಳುದಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ ಜನ ಹೇಗೆ ಮಾತಾಡ್ತಾರೋ ಹಾಗೇ ಮಾತಾಡ್ತಾರೆ. ಅದನ್ನು ನೋಡಿ ಬೆಂಗಳೂರಿನವರು ಬಿದ್ದು ಬಿದ್ದು ನಗ್ತಾರೆ ಅಂದ್ರೆ ನನಗೆ ಸ್ವಲ್ಪ ಡೌಟು, ನಮ್ಮನ್ನು ನೋಡಿ ನಗುದಾ, ಸಿನಿಮಾ ನೋಡಿ ನಗುದಾ ಅಂತ 😄

ನೈಟ್‌ಶೋ_ನಾಗ

ಸು ಫ್ರಂ ಸೋ ಸೆಕೆಂಡ್ ಹಾಫ್ ಬಗ್ಗೆ ಯಾರೂ ಮಾತಾಡಲ್ಲ ನೋಡಿ. ಮಗಳ ಕಥೆ ಶುರುವಾದ ಮೇಲೆ ಕಾಮಿಡಿ ಎಲ್ಲಿ ಹೋಯ್ತು? ನಗೋಕೆ ಅಂತ ಟಿಕೆಟ್ ತಗೊಂಡಿರ್ತೀವಿ, ಅಳಿಸಿ ಕಳಿಸ್ತಾರೆ.

ತುಳುನಾಡ್_ತಿರುಗಾಟ

ಸುಳ್ಳು ಶುರು ಮಾಡಿದವನಿಗೆ ಅದರ ಬಿಲ್ ಬರ್ಬೇಕಲ್ವಾ ನಾಗಣ್ಣ? ಸತ್ತ ಹೆಂಗಸಿನ ಹೆಸರು ಹಿಡಿದು ಆಟ ಆಡಿದ್ದಾನೆ, ಆ ಹೆಂಗಸಿಗೆ ಮನೆ ಉಂಟು, ಮಗಳು ಉಂಟು. ಅದು ಬಾರದೆ ಸಿನಿಮಾ ಮುಗಿದಿದ್ರೆ ನಾನು ಬೈತಿದ್ದೆ.

ಹಳೇ_ಟಾಕೀಸ್

ಮೂಲ ಲೇಖಕರು ಹೇಳುತ್ತಿರುವುದು ಹೊಸದೇನಲ್ಲ, ಆದರೆ ಸರಿಯಾಗಿದೆ. ನಮ್ಮ ಕಂಪನಿ ನಾಟಕಗಳು ನಿಂತದ್ದೇ ಇದರ ಮೇಲೆ. 'ಸದಾರಮೆ'ಯಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಎಷ್ಟು ಹೆಸರಾಯಿತು ಎಂದು ನಮ್ಮ ತಂದೆ ಹೇಳುತ್ತಿದ್ದರು. ಕಳ್ಳ ಯಾರೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು, ರಂಗದ ಮೇಲಿನ ಹೆಣ್ಣಿಗೆ ಗೊತ್ತಿಲ್ಲ. ಭಯವೂ ಅಲ್ಲೇ, ನಗುವೂ ಅಲ್ಲೇ.

ಆದರೆ ಕನ್ನಡ ಥ್ರಿಲ್ಲರ್‌ಗಳನ್ನು ಹೀಗೆ ಒಂದೇ ಏಟಿಗೆ ಹೊಡೆದುಹಾಕಿದ್ದನ್ನು ನಾನು ಒಪ್ಪುವುದಿಲ್ಲ. ಸುನಿಲ್ ಕುಮಾರ್ ದೇಸಾಯಿಯವರ ಹೆಸರಿಲ್ಲದೆ ಕನ್ನಡ ಥ್ರಿಲ್ಲರ್ ಚರ್ಚೆಯೇ? 1989ರ 'ತರ್ಕ'ದಲ್ಲಿ ಒಂದು ಹಾಡೂ ಇಲ್ಲ. ಆಗಿನ ಕಾಲಕ್ಕೆ ಹಾಡಿಲ್ಲದ ಸಿನಿಮಾ ಎಂದರೆ ವಿತರಕರು ಮುಖ ನೋಡುತ್ತಿರಲಿಲ್ಲ. ಆಡಿಯೋ ಕ್ಯಾಸೆಟ್ಟಿನ ಆದಾಯವೇ ಹೋಯಿತಲ್ಲ! ಆಮೇಲೆ 'ಉತ್ಕರ್ಷ', 1993ರಲ್ಲಿ 'ನಿಷ್ಕರ್ಷ', ಅವುಗಳಲ್ಲೂ ಹಾಡಿಲ್ಲ. ನಿಷ್ಕರ್ಷದಲ್ಲಿ ಬ್ಯಾಂಕಿಗೆ ನುಗ್ಗಿದವರು ಯಾರು, ಎಷ್ಟು ಜನ, ಒತ್ತೆಯಾಳುಗಳು ಎಲ್ಲಿದ್ದಾರೆ ಎಲ್ಲವೂ ನಮಗೆ ಗೊತ್ತು. ಯಾವುದನ್ನೂ ಮುಚ್ಚಿಟ್ಟಿಲ್ಲ. ಆದರೂ ಗುಣಸಿಂಗ್ ಅವರ ಹಿನ್ನೆಲೆ ಸಂಗೀತ ಶುರುವಾದರೆ ಉಗುರು ಕಚ್ಚಬೇಕು. ಕೆಂಪು ದಾರದ ಗೋಡೆ ಬೇಕಾಗಿಲ್ಲ ಅದಕ್ಕೆ.

ಇಂಟರ್ವಲ್_ಪಕೋಡ

@ಹಳೇ_ಟಾಕೀಸ್ ಸರ್, ನೀವು ನನ್ನ ಪರವಾಗೇ ವಾದ ಮಾಡಿದ್ರಿ! ನಿಷ್ಕರ್ಷ ಇವತ್ತಿಗೂ ಕೂರಿಸುತ್ತೆ ಅಂದ್ರೆ ನಮ್ಮ ಹತ್ರ ಏನನ್ನೂ ಮುಚ್ಚಿಡದೇ ಇರೋದ್ರಿಂದಲೇ. ವಿಷ್ಣುವರ್ಧನ್ ಮೂಲೆ ತಿರುಗಿದ್ರೆ ಅಲ್ಲಿ ಯಾರಿದ್ದಾರೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬಿ.ಸಿ. ಪಾಟೀಲ್ ಆಮೇಲೆ ಮಂತ್ರಿಯಾದ್ರೂ ನಮ್ಮಪ್ಪನಿಗೆ ಅವರು ಬ್ಯಾಂಕ್ ದರೋಡೆಯವರೇ. ಟಿವಿ ನ್ಯೂಸಲ್ಲಿ ಬಂದ್ರೆ 'ಬಂದ ನೋಡು' ಅಂತಿದ್ರು.

ಧಾರವಾಡ_ಫೇಡೆ

ಎಲ್ಲಾರೂ ಬರೇ ಬೆಂಗಳೂರು, ಮಂಗಳೂರು ಅಂತ ಕುಂತೀರಲ್ರೀ. 'ರಾಮ ಶಾಮ ಭಾಮ' (2005) ಯಾರಿಗೂ ನೆನಪಿಲ್ಲೇನು? ರಮೇಶ್ ಅರವಿಂದ ಮೊದಲ ಸಲ ಡೈರೆಕ್ಟ್ ಮಾಡಿದ್ದು. ಕಮಲ್ ಹಾಸನ್, ಊರ್ವಶಿ ನಮ್ಮ ಕಡೆ ಮಾತು ಮಾತಾಡ್ತಾರ, ಅದೂ ಹಂಗ ಹಿಂಗ ಅಲ್ಲ, ಜಗಳ ಮಾಡೂಮುಂದ ಸುದ್ದಾ ಧಾಟಿ ಬಿಡಂಗಿಲ್ಲ. ತಮಿಳಿಂದ ರೀಮೇಕ್ ಖರೆ, ಆದ್ರ ನಮ್ಮವ್ವ ಅದನ್ನ ರೀಮೇಕ್ ಅಂತ ಇವತ್ತಿಗೂ ಒಪ್ಪಂಗಿಲ್ಲ.

ಅದರಾಗೂ ಗುಟ್ಟ ಐತಿ ನೋಡ್ರಿ. ಗಂಡ ಇನ್ನೊಬ್ಬಾಕಿ ಹಿಂದ ಹೋಗ್ಯಾನ, ಹೆಂಡತಿಗೆ ಗೊತ್ತಿಲ್ಲ, ಗೆಳ್ಯಾಗ ಗೊತ್ತೈತಿ, ಅಂವ ಬಾಯಿ ಬಿಡೂಹಂಗಿಲ್ಲ. ಪಕೋಡ ಅಣ್ಣಾರು ಹೇಳಿದ್ದು ಬರೋಬ್ಬರಿ ಕೂಡತೈತಿ.

ಮಠದ_ಭಕ್ತ

ನಾನು ಒಪ್ಪಲ್ಲ ಗುರು. 'ಮಠ' (2006) ತಗೋ. ಎಲ್ಲಿದೆ ಗುಟ್ಟು? ಬಿಡಿ ಬಿಡಿ ಪ್ರಸಂಗಗಳು, ಒಂದಕ್ಕೊಂದು ಸಂಬಂಧ ಇರಲ್ಲ, ಮುಂದೇನಾಗುತ್ತೋ ಅನ್ನೋ ಕುತೂಹಲಾನೂ ಇಲ್ಲ. ಆದ್ರೂ ಜಗ್ಗೇಶಣ್ಣ ಬಾಯಿ ತೆಗೆದ್ರೆ ನಗು. 'ಎದ್ದೇಳು ಮಂಜುನಾಥ'ದಲ್ಲಿ ಜಗ್ಗೇಶ್–ತಬಲಾ ನಾಣಿ ಕೂತ್ಕೊಂಡು ಮಾತಾಡೋದೇ ಸಿನಿಮಾ. ಅದು ಮಾತಿನ ಕಾಮಿಡಿ. ಇವೆರಡನ್ನೂ ಮಾಡಿದ ಗುರುಪ್ರಸಾದ್ ತೀರಿಹೋದ ಮೇಲೆ (2024) ಅಂಥ ಮಾತು ಬರೆಯೋರು ಸಿಕ್ಕಿಲ್ಲ. ನಿಮ್ಮ ಥಿಯರಿಗೆ ಇದು ಎಲ್ಲಿ ಫಿಟ್ ಆಗುತ್ತೆ?

ಇಂಟರ್ವಲ್_ಪಕೋಡ

ಫಿಟ್ ಆಗಲ್ಲ. ಅದಕ್ಕೇ ನನಗೆ ಮಠ ಪೂರ್ತಿ ನೋಡೋಕೆ ಆಗಲ್ಲ. ಹತ್ತು ನಿಮಿಷದ ತುಣುಕು ಮೊಬೈಲಲ್ಲಿ ಬಂದ್ರೆ ನಗ್ತೀನಿ, ಇನ್ನಿಬ್ಬರಿಗೆ ಕಳಿಸ್ತೀನಿ. ಎರಡೂವರೆ ಗಂಟೆ ಕೂತ್ಕೋ ಅಂದ್ರೆ ನಿದ್ದೆ. ಹೊಡೀಬೇಡಿ.

ಮಠದ_ಭಕ್ತ

ಹೊಡೆಯಲ್ಲ. ಬ್ಲಾಕ್ ಮಾಡ್ತೀನಿ 😂

ಸಾಗರದಾಚೆ_ಸುಬ್ಬಿ

ಅಮೆರಿಕದಿಂದ ಬರೀತಿದೀನಿ. 2015ರಲ್ಲಿ 'ರಂಗಿತರಂಗ' ಇಲ್ಲಿಗೆ ಬಂದಾಗ ನಮ್ಮ ಕನ್ನಡ ಕೂಟದವರೆಲ್ಲ ಗುಂಪಾಗಿ ಹೋಗಿದ್ವಿ. ಅಲ್ಲಿ ಊರಲ್ಲಿ ಬಾಹುಬಲಿ ಒಂದು ವಾರದ ಅಂತರದಲ್ಲಿ ಬಂದು ಪರದೆಗಳನ್ನೆಲ್ಲ ಕಸಿದುಕೊಂಡಿತ್ತು, ಇಲ್ಲಿ ನಾವು ಹೊಸಬರ ಸಿನಿಮಾಕ್ಕೆ ಕ್ಯೂ ನಿಂತಿದ್ವಿ. ಡೈರೆಕ್ಟರ್ ಅನೂಪ್ ಭಂಡಾರಿ ಯಾರು ಅಂತಾನೇ ಗೊತ್ತಿರಲಿಲ್ಲ ಆಗ.

ಪಕೋಡ ಅವರ 'ಕೊನೇ ಇಪ್ಪತ್ತು ನಿಮಿಷದ ಮೋಸ' ಮಾತಿಗೆ ನನ್ನ ಉತ್ತರ ರಂಗಿತರಂಗ. ಮೊದಲ ಸಲ ನೋಡುವಾಗ ಭೂತ, ಮಳೆ, ಕಮರೊಟ್ಟು ಅನ್ನೋ ಊರು, ಸಾಯಿಕುಮಾರ್ ದನಿ, ಇದರಲ್ಲೇ ಮುಳುಗಿಹೋಗಿದ್ದೆ. ಇನ್ನೊಂದು ಸಲ ನೋಡಿದಾಗ ಕೊಲೆಗಾರನ ಮೇಲೆ ಕಣ್ಣಿಟ್ಟು ಕೂತೆ. ಹೆಸರು ಹೇಳಲ್ಲ, ನೋಡದೇ ಇರೋರು ಇರ್ತಾರೆ. ಆ ಮನುಷ್ಯ ನಮ್ಮ ಕಣ್ಣ ಮುಂದೆಯೇ ಓಡಾಡ್ತಿರ್ತಾನೆ. ಬಚ್ಚಿಟ್ಟಿಲ್ಲ, ನಾವು ನೋಡಲಿಲ್ಲ ಅಷ್ಟೇ.

ಜೆನ್‌ಜೀ_ಜಯಮ್ಮ

ಥ್ರಿಲ್ಲರ್ ಅಂದ್ರೆ ಕವಲುದಾರಿ (2019)!! ಕ್ಲೈಮ್ಯಾಕ್ಸಲ್ಲಿ ಗೊತ್ತಾಗುತ್ತಲ್ಲ, ಆ ಕೊಲೆ ಮಾಡಿದ್ದು [ಈ ಭಾಗವನ್ನು ಮರೆಮಾಡಲಾಗಿದೆ]

ನಿರ್ವಾಹಕರು

ಜಯಮ್ಮ ಅವರೇ, ಕೊಲೆಗಾರರ ಹೆಸರು ಬರೆಯುವಂತಿಲ್ಲ. ಸಿನಿಮಾ ಎಷ್ಟೇ ಹಳೆಯದಾದರೂ ನಿಯಮ ಒಂದೇ.

ನೈಟ್‌ಶೋ_ನಾಗ

ಬಚಾವ್. ಹೋದ ವಾರವಷ್ಟೇ ಲಿಸ್ಟಿಗೆ ಹಾಕ್ಕೊಂಡಿದ್ದೆ. ಹಿಂದೊಮ್ಮೆ ಬೇರೆ ಸಿನಿಮಾಗೆ ಹೋದಾಗ ಯಾವನೋ ಒಬ್ಬ ಥಿಯೇಟರಲ್ಲಿ ನನ್ನ ಹಿಂದಿನ ಸಾಲಲ್ಲಿ ಕೂತು ಹೆಂಡತಿಗೆ ಪಿಸಪಿಸ ಅಂತ 'ಇವನೇ ಕಣೇ, ನೋಡ್ತಿರು' ಅಂದಿದ್ದ. ಇಂಟರ್ವಲ್‌ಗೂ ಮುಂಚೆ. ಆ ಸಿನಿಮಾ ಹೆಸರು ಕೇಳಿದ್ರೆ ಈಗಲೂ ಮೈ ಉರಿಯುತ್ತೆ.

ಇಂಟರ್ವಲ್_ಪಕೋಡ

ಕವಲುದಾರಿ ಯಾಕೆ ಇಷ್ಟ ಅಂದ್ರೆ ಅದರ ಹೀರೋ ಟ್ರಾಫಿಕ್ ಪೊಲೀಸ್. ಮೆಟ್ರೋ ಕೆಲಸಕ್ಕೆ ಅಗೆಯುವಾಗ ಮೂಳೆ ಸಿಗುತ್ತೆ, ಕೇಸ್ ಅವನದ್ದಲ್ಲ, ಯಾರೂ ಅವನ್ನ ಕೇಳಲ್ಲ. 'ನಿನ್ನ ಕೆಲಸ ನೋಡ್ಕೋ ಹೋಗು' ಅಂತಾರೆ. ಸಿಗ್ನಲ್ಲಲ್ಲಿ ನಿಂತು ಹೊಗೆ ಕುಡಿಯೋ ಮನುಷ್ಯನಿಗೆ ಒಂದು ಕೊಲೆ ಬಿಡಿಸೋ ಹುಚ್ಚು ಹಿಡಿಯೋದು ನನಗೆ ಅರ್ಥ ಆಗುತ್ತೆ. ಸೂಪರ್ ಪೊಲೀಸ್ ಕಥೆ ಅರ್ಥ ಆಗಲ್ಲ. ಸ್ವಲ್ಪ ಉದ್ದ ಆಯ್ತು ಸಿನಿಮಾ, ಅದನ್ನೂ ಹೇಳ್ತೀನಿ. ಪ್ರೆಸ್ ನಡೆಸೋ ಅಚ್ಯುತ್ ಕುಮಾರ್ ಭಾಗ ಬಂದಾಗ ಮಾತ್ರ ಗಡಿಯಾರ ನೋಡಲಿಲ್ಲ.

ಪುಟ್ಟಿ_ಟಿಕೆಟ್

ಎಲ್ಲರ ಕಾಮೆಂಟ್ ಓದ್ತಾ ಓದ್ತಾ ಒಂದು ವಿಷಯ ಹೊಳೀತು. ಗಣೇಶನ ಮದುವೆಯಲ್ಲಿ ಯಾರು? ಅನಂತ್ ನಾಗ್. ಗೌರಿ ಗಣೇಶ? ಅವರೇ. ನಿಷ್ಕರ್ಷದಲ್ಲೂ ಇದ್ದಾರೆ. ಕವಲುದಾರಿಯ ರಿಟೈರ್ಡ್ ಪೊಲೀಸ್ ಮುತ್ತಣ್ಣ ಅವರೇ. 1979ರ 'ನಾ ನಿನ್ನ ಬಿಡಲಾರೆ' ನೋಡಿ ನಮ್ಮ ದೊಡ್ಡಮ್ಮ ರಾತ್ರಿ ಒಬ್ಬಳೇ ಹಿತ್ತಿಲಿಗೆ ಹೋಗ್ತಿರಲಿಲ್ಲವಂತೆ, ಅದರಲ್ಲೂ ಅವರೇ. ನಗಿಸೋದಕ್ಕೂ ಹೆದರಿಸೋದಕ್ಕೂ ಒಬ್ಬರನ್ನೇ ಇಟ್ಕೊಂಡಿದ್ದೀವಿ ನಾವು!

ಅವರು ಕಾಮಿಡಿ ಮಾಡುವಾಗ ಮುಖ ನೋಡಿ. ಕಣ್ಣು ಮೇಲೆ ಮಾಡಲ್ಲ, ದನಿ ಚಿತ್ರವಿಚಿತ್ರ ಮಾಡಲ್ಲ. ಸಿಕ್ಕಿಬೀಳ್ತೀನೇನೋ ಅಂತ ನಿಜವಾಗಿ ಗಾಬರಿಯಾದ ಮನುಷ್ಯನ ಮುಖ. 'ಉಂಡೂ ಹೋದ ಕೊಂಡೂ ಹೋದ' (1992) ಅದಕ್ಕೆ ಬೆಸ್ಟ್. ಹಳ್ಳಿಗೆ ಸರ್ಕಾರಿ ಮನುಷ್ಯ ಅಂತ ಹೇಳ್ಕೊಂಡು ಬಂದು, ದನಗಳ ಕೃತಕ ಗರ್ಭಧಾರಣೆ ಅಂತ ಊರವರ ದುಡ್ಡು ಎತ್ಕೊಂಡು ಹೋಗೋನು. ನಾಗತಿಹಳ್ಳಿ ಚಂದ್ರಶೇಖರ್ ಅದನ್ನ ಎಷ್ಟು ತಣ್ಣಗೆ ಮಾಡಿದ್ದಾರೆ ಅಂದ್ರೆ, ವಂಚಕ ಸಿಕ್ಕಿಬೀಳಬಾರದು ಅಂತ ನಾನೇ ಬೇಡ್ಕೋತಿದ್ದೆ. ಊರವರ ದುಡ್ಡು ಹೋಗ್ತಿದೆ, ನಾನು ಕಳ್ಳನ ಪಾರ್ಟಿ.

ಹಳೇ_ಟಾಕೀಸ್

ಪುಟ್ಟಿಯವರ ಮಾತು ಬಹಳ ಹಿಡಿಸಿತು. ಅದೇ ಸಾಲಿಗೆ 'ಬೆಳದಿಂಗಳ ಬಾಲೆ' (1995) ಸೇರಿಸಿಕೊಳ್ಳಿ. ಅದು ಕಾಮಿಡಿಯೂ ಅಲ್ಲ, ಕೊಲೆಯ ಕಥೆಯೂ ಅಲ್ಲ. ಯಂಡಮೂರಿಯವರ ಕಾದಂಬರಿ, ಚೆಸ್ ಆಟಗಾರ ರೇವಂತ್ ಆಗಿ ಅನಂತ್ ನಾಗ್. ಫೋನಿನಲ್ಲಿ ಒಂದು ಹೆಣ್ಣಿನ ದನಿ, ಅದು ಮಂಜುಳಾ ಗುರುರಾಜ್ ಅವರದು. ನಾನ್ಯಾರು, ಹುಡುಕು ಎನ್ನುತ್ತಾಳೆ. ಇಡೀ ಸಿನಿಮಾದಲ್ಲಿ ಅವಳ ಮುಖವನ್ನೇ ತೋರಿಸುವುದಿಲ್ಲ. ಫೋನು ರಿಂಗಾದರೆ ಸಾಕು, ಥಿಯೇಟರ್ ನಿಶ್ಶಬ್ದ.

ಜೆನ್‌ಜೀ_ಜಯಮ್ಮ

ಅಂಕಲ್, ಟ್ರೂಕಾಲರ್ ಇದ್ದಿದ್ರೆ ಆ ಸಿನಿಮಾ ಐದು ನಿಮಿಷಕ್ಕೆ ಮುಗೀತಿತ್ತು 😭 (ಸ್ಪಾಯ್ಲರ್ ಅಲ್ಲ ತಾನೇ ಇದು?)

ಹಳೇ_ಟಾಕೀಸ್

ಅಂಕಲ್ ಎಂದದ್ದನ್ನು ಕ್ಷಮಿಸಿದ್ದೇನೆ. ಟ್ರೂಕಾಲರನ್ನು ಕ್ಷಮಿಸುವುದಿಲ್ಲ.

ಸಾಗರದಾಚೆ_ಸುಬ್ಬಿ

ಜಯಮ್ಮ ತಮಾಷೆಗೆ ಹೇಳಿದ್ರೂ ಇದು ದೊಡ್ಡ ವಿಷಯ. ಗಣೇಶನ ಮದುವೆಯ ಕಾಗದ ಇವತ್ತು ನಡೆಯಲ್ಲ, ಪ್ರೊಫೈಲ್ ಫೋಟೋ ಕೇಳ್ತಾರೆ. ಗೌರಿ ಗಣೇಶದ ಮೂರು ಜನಾನೂ ಅದೇ ದಿನ ಡಿಎನ್‌ಎ ಟೆಸ್ಟ್ ಅಂತಿದ್ರು. 'ಬೆಲ್ ಬಾಟಂ' (2019) ಮಾಡಿದ ಜಯತೀರ್ಥ ಕಥೆಯನ್ನ 80ರ ದಶಕಕ್ಕೆ ತಗೊಂಡು ಹೋಗಿದ್ದು ಪ್ಯಾಂಟಿನ ಫ್ಯಾಷನ್‌ಗೆ ಮಾತ್ರ ಅಂತ ನನಗನಿಸಲ್ಲ. ಸಿಸಿಟಿವಿ ಇದ್ದಿದ್ರೆ ಡಿಟೆಕ್ಟಿವ್ ದಿವಾಕರನಿಗೆ ಏನು ಕೆಲಸ? ಅಂದಹಾಗೆ ಅದು ಕಾಮಿಡಿನಾ ಥ್ರಿಲ್ಲರಾ? ನಮ್ಮ ಮನೇಲಿ ಎರಡು ಪಕ್ಷ ಇದೆ.

ಮಠದ_ಭಕ್ತ

ಕಾಮಿಡಿ. ರಿಷಬ್ ಶೆಟ್ಟಿ ಆ ಪ್ಯಾಂಟ್ ಹಾಕ್ಕೊಂಡು ಸೀರಿಯಸ್ಸಾಗಿ ನಡೆಯೋದು ನೋಡಿದ್ರೆ ಗೊತ್ತಾಗಲ್ವಾ. (ಬ್ಲಾಕ್ ಮಾಡಿಲ್ಲ ಪಕೋಡ, ಇಲ್ಲೇ ಇದ್ದೀನಿ.)

ಧಾರವಾಡ_ಫೇಡೆ

ಎರಡೂ ಕೂಡಿಸೂದು ಬೆಲ್ ಬಾಟಂನಿಂದ ಶುರು ಆಗಿದ್ದಲ್ಲ. ಉಪೇಂದ್ರ 1993ರಾಗ 'ಶ್!' ಮಾಡಿದಾಗ ಸಿನಿಮಾ ಶೂಟಿಂಗಿಗೆ ಹೋದ ತಂಡದಾಗ ಹೆಣ ಬೀಳೂದು ಒಂದ ಕಡೆ, ನಗಿಸೂದು ಒಂದ ಕಡೆ. ನಕ್ಕೋತ ನಕ್ಕೋತ ಇದ್ದಾಗ ಹೆದರಿಸಿಬಿಡ್ತಿದ್ದ. ಹುಬ್ಬಳ್ಳಿ ಟಾಕೀಜಿನ್ಯಾಗ ನೋಡಿದ್ದು, ಕರೆಂಟ್ ಹೋದಾಗ ಮಂದಿ ಕೂಗಿದ್ದು ಸಿನಿಮಾದಾಗಿಂದೋ ಟಾಕೀಜಿನಾಗಿಂದೋ ತಿಳೀಲಿಲ್ಲ.

ನೈಟ್‌ಶೋ_ನಾಗ

ಒಂದು ಪ್ರಶ್ನೆ ಎಲ್ಲರಿಗೂ. ಹಳೇದು ಬಿಡಿ. ಮೊಬೈಲ್, ಸಿಸಿಟಿವಿ ಎಲ್ಲ ಇದ್ದೂ ಗುಟ್ಟು ಉಳಿಸಿಕೊಂಡಿರೋ ಈಗಿನ ಕನ್ನಡ ಕಾಮಿಡಿ ಯಾವುದಿದೆ? ಸು ಫ್ರಂ ಸೋ ಬಿಟ್ಟು.

ಜೆನ್‌ಜೀ_ಜಯಮ್ಮ

'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' (2023)! ವಾರ್ಡನ್ ಸತ್ತಿದ್ದಾನೆ, ಚೀಟಿಯಲ್ಲಿ ಹುಡುಗರ ಹೆಸರು ಬರೆದಿಟ್ಟಿದ್ದಾನೆ, ಇವರು ಅದನ್ನ ಆಕ್ಸಿಡೆಂಟ್ ಅಂತ ಮಾಡೋಕೆ ಹೋಗ್ತಾರೆ. ಒಂದೇ ರಾತ್ರಿ ಕಥೆ. ಇಡೀ ಹಾಸ್ಟೆಲ್ ಎಚ್ಚರ ಇರುತ್ತೆ, ಎಲ್ಲರ ಕೈಲೂ ಫೋನ್ ಇರುತ್ತೆ, ಆದ್ರೂ ಹೆಣ ಮುಚ್ಚಿಡಬೇಕು. ಕ್ಯಾಮೆರಾ ಕುಡಿದವರ ಥರ ಅಲ್ಲಾಡುತ್ತೆ, ನಮ್ಮಮ್ಮನಿಗೆ ತಲೆಸುತ್ತು ಬಂತು. ನಾನು ನಾಲ್ಕು ವರ್ಷ ಹಾಸ್ಟೆಲಲ್ಲಿ ಇದ್ದೋಳು, ಆ ಕಾರಿಡಾರ್ ಗಲಾಟೆ ಹಾಗೇ ಇರೋದು. ಒಬ್ಬ ಗಂಭೀರವಾಗಿ ಪ್ಲಾನ್ ಹೇಳ್ತಿರ್ತಾನೆ, ಪಕ್ಕದಲ್ಲಿ ಇನ್ನೊಬ್ಬ ಬಕೆಟ್ ಹುಡುಕ್ತಿರ್ತಾನೆ.

ಇಂಟರ್ವಲ್_ಪಕೋಡ

ಜಯಮ್ಮನಿಗೆ ಸ್ಪಾಯ್ಲರ್ ಕೇಸಲ್ಲಿ ಕ್ಷಮಾದಾನ ಕೊಡಬೇಕು ಅಂತ ನಿರ್ವಾಹಕರಲ್ಲಿ ಮನವಿ. ಹೆಣ, ಚೀಟಿ, ಒಂದೇ ರಾತ್ರಿ. ಇದಕ್ಕಿಂತ ಥ್ರಿಲ್ಲರ್ ಇನ್ನೇನು ಬೇಕು? ಆ ಹುಡುಗರಲ್ಲಿ ಒಬ್ಬನಾದ್ರೂ ಕ್ಯಾಮೆರಾ ಕಡೆ ನೋಡಿ 'ನಾನು ಜೋಕ್ ಮಾಡ್ತಿದ್ದೀನಿ' ಅನ್ನೋ ಮುಖ ಮಾಡಿದ್ದಿದ್ರೆ ಸಿನಿಮಾ ಅಲ್ಲೇ ಸತ್ತುಹೋಗ್ತಿತ್ತು. ನನಗೆ ಕಾಮಿಡಿಯಲ್ಲಿ ಸಹಿಸೋಕೆ ಆಗದೇ ಇರೋದು ಅದೇ ಮುಖ. ಅದರ ಜೊತೆಗೆ ದಪ್ಪಗಿರೋರನ್ನ, ಕುಳ್ಳಗಿರೋರನ್ನ ಆಡಿಕೊಂಡು ಕೆನ್ನೆಗೆ ಬಾರಿಸೋ ಟ್ರ್ಯಾಕು. 'ಒಂದು ಮೊಟ್ಟೆಯ ಕಥೆ' (2017) ಬೋಳುತಲೆ ಬಗ್ಗೆಯೇ ಇಡೀ ಸಿನಿಮಾ, ಒಂದು ಸಲವೂ ಆ ಮನುಷ್ಯನನ್ನ ಕೀಳು ಮಾಡಲ್ಲ. ಜನಾರ್ದನ ಮೇಷ್ಟ್ರಿಗೆ ಹೆಣ್ಣು ಸಿಗುತ್ತಾ ಅನ್ನೋದೇ ಅಲ್ಲಿ ಸಸ್ಪೆನ್ಸ್.

ತುಳುನಾಡ್_ತಿರುಗಾಟ

ಅದೂ ನಮ್ಮೂರಿಂದು ಅಂತ ನೆನಪು ಮಾಡ್ಬೇಕಾ? 😎

ಪುಟ್ಟಿ_ಟಿಕೆಟ್

ಒಂದು ಜಗಳ ಬಾಕಿ ಇದೆ. ಪಕೋಡ ಅಣ್ಣ, ಯು ಟರ್ನ್ ದೆವ್ವದ ವಿಷಯದಲ್ಲಿ ನಾನು ನಿಮ್ಮ ವಿರುದ್ಧ. ಕಲ್ಲು ಸರಿಸಿದವನಿಗೆ ಏನು ಶಿಕ್ಷೆ ನಮ್ಮಲ್ಲಿ? ಫೈನ್ ಕಟ್ಟಿ ಹೋಗ್ತಾನೆ. ಅವನು ಬಿಟ್ಟುಹೋದ ಕಲ್ಲಿಗೆ ಗಾಡಿ ಗುದ್ದಿ ಸತ್ತೋರಿಗೆ ಕಾನೂನಲ್ಲಿ ನ್ಯಾಯ ಇಲ್ಲ ಅಂದಮೇಲೆ ಅವರೇ ಎದ್ದು ಬರಬೇಕು. ಆ ಸಿನಿಮಾ ತಮಿಳು, ತೆಲುಗು, ಮಲಯಾಳಂ, ಹಿಂದಿ ಅಷ್ಟೇ ಅಲ್ಲ, ಫಿಲಿಪೀನ್ಸ್‌ಗೂ ಹೋಯ್ತು. ಎಲ್ಲ ಕಡೆ ಕಲ್ಲು ಸರಿಸೋರು ಇದ್ದಾರೆ ಅಂತಾಯ್ತಲ್ಲ.

ಇಂಟರ್ವಲ್_ಪಕೋಡ

ಶಿಕ್ಷೆ ಬೇಕು, ಒಪ್ಪಿದೆ. ಆದ್ರೆ ಆ ನಂಬರ್ ಹಿಡ್ಕೊಂಡು ಶಿಕ್ಷೆ ಕೊಡೋನೂ ಒಬ್ಬ ಮನುಷ್ಯನೇ ಆಗಿದ್ದಿದ್ರೆ ನಾನು ಇನ್ನೂ ಹೆದರ್ತಿದ್ದೆ. ದೆವ್ವಕ್ಕೆ ನನ್ನ ಗಾಡಿ ನಂಬರ್ ಗೊತ್ತಿದ್ರೆ ಏನಂತೆ, ಪಕ್ಕದ ಮನೆಯೋನಿಗೆ ಗೊತ್ತಿದ್ರೆ ಕಷ್ಟ.

ಪುಟ್ಟಿ_ಟಿಕೆಟ್

ಅಂದ್ರೆ ನೀವೂ ಕಲ್ಲು ಸರಿಸಿದ್ದೀರಾ?

ನೈಟ್‌ಶೋ_ನಾಗ

ಪಕೋಡ ಆನ್‌ಲೈನ್ ಇದ್ದಾರೆ, ಉತ್ತರ ಬರ್ತಿಲ್ಲ. ಗಾಡಿ ನಂಬರ್ ಯಾರ ಹತ್ರ ಇದೆ?